ಜಗತ್ತಿನ ಇತಿಹಾಸಕ್ಕೆ ಹತ್ತು ಅಂಕ

ಪದವಿಯ ಮೊದಲ ವರ್ಷದವರಿಗೆ ಜಗತ್ತಿನ ಇತಿಹಾಸವನ್ನು ಪಾಠ ಹೇಳಿದ ಯಾವ ಅಧ್ಯಾಪಕನಿಗೂ ಅಪರಿಚಿತವಲ್ಲದ ಪ್ರಶ್ನೆಯೊಂದಿದೆ: "ಸಾರ್, ಹತ್ತು ಅಂಕದ ಪ್ರಶ್ನೆಗೆ ಎಷ್ಟು ಪಾಯಿಂಟು ಬರೆಯಬೇಕು?" ಹೊಸ ತರಗತಿಗೆ ಹೋಗಿ, ಹಲಗೆಯ ಮೇಲೆ 'ಪುನರುಜ್ಜೀವನ' ಎಂದು ಬರೆದು ನಾನು ತಿರುಗುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಅದು ಬಂದೇಬಿಡುತ್ತಿತ್ತು. ಮೊದಮೊದಲು ಸಿಟ್ಟು ಬರುತ್ತಿತ್ತು. ಇದು ಹುಡುಗರು ತಾವಾಗಿ ಕೇಳಿದ ಪ್ರಶ್ನೆಯಲ್ಲ, ನಾವೇ ಅವರ ಬಾಯಲ್ಲಿಟ್ಟ ಪ್ರಶ್ನೆ ಎಂಬುದು ಹೊಳೆಯಲು ಬಹಳ ವರ್ಷ ಬೇಕಾಯಿತು. ಪರೀಕ್ಷೆಯಲ್ಲಿ ಯಾವುದಕ್ಕೆ ಅಂಕ ಕೊಡುತ್ತೇವೆಯೋ ಅದೇ ನಮ್ಮ ನಿಜವಾದ ನಿರೀಕ್ಷೆ. ತರಗತಿಯಲ್ಲಿ ಆಡಿದ ಮಿಕ್ಕ ದೊಡ್ಡ ಮಾತುಗಳನ್ನು ವಿದ್ಯಾರ್ಥಿಗಳು ಉಪಚಾರವೆಂದೇ ತಿಳಿಯುತ್ತಾರೆ, ಮತ್ತು ಅವರು ತಿಳಿದದ್ದು ತಪ್ಪಲ್ಲ.

ಈ ಬಗೆಯ ಪ್ರವೇಶ ಪಾಠಕ್ರಮ ಹುಟ್ಟಿದ ಬಗೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಮೊದಲನೆಯ ಮಹಾಯುದ್ಧ ಮುಗಿದ ಮೇಲೆ, 1919ರಲ್ಲಿ, ಅಮೆರಿಕದ ಕೊಲಂಬಿಯಾ ಕಾಲೇಜು 'ಸಮಕಾಲೀನ ನಾಗರಿಕತೆ' ಎಂಬ ಪಾಠಕ್ರಮವನ್ನು ಹೊಸ ವಿದ್ಯಾರ್ಥಿಗಳಿಗೆಲ್ಲ ಕಡ್ಡಾಯ ಮಾಡಿತು. ಅದರ ಮಾದರಿಯಲ್ಲಿ ಅಲ್ಲಿ ಹರಡಿದ ಪಾಠಗಳಿಗೆ ನಾಗರಿಕತೆಯೆಂದರೆ ಪಶ್ಚಿಮದ ನಾಗರಿಕತೆ. ವಿಲಿಯಂ ಮೆಕ್‌ನೀಲ್ 1963ರಲ್ಲಿ ಪ್ರಕಟಿಸಿದ ಗ್ರಂಥದ ಹೆಸರಿನಲ್ಲಿ 'ಪಶ್ಚಿಮ'ವೇ ಇದ್ದರೂ, ನಾಗರಿಕತೆಗಳು ಒಂದರಿಂದೊಂದು ಪಡೆದುಕೊಂಡು ಬೆಳೆದವೆಂಬುದೇ ಅದರ ವಾದ. ಅಲ್ಲಿಂದ ಮುಂದೆ ಜಗತ್ತು ನಿಧಾನವಾಗಿ ಪಾಠದೊಳಗೆ ಬಂತು. ನಮ್ಮಲ್ಲಿ ಹೆಸರು ಮೊದಲಿನಿಂದಲೂ ದೊಡ್ಡದು. ಆದರೆ ನಾನು ಬೋಧಿಸಿದ ಪಠ್ಯದಲ್ಲಿ ಪುನರುಜ್ಜೀವನದಿಂದ ಎರಡನೆಯ ಮಹಾಯುದ್ಧದವರೆಗೆ ನಡೆದದ್ದೆಲ್ಲ ಬಹುಮಟ್ಟಿಗೆ ಯೂರೋಪಿನಲ್ಲೇ. ಚೀನಾ ಅಫೀಮು ಯುದ್ಧದ ಹೊತ್ತಿಗೆ ಎದ್ದು ಕುಳಿತು ಮತ್ತೆ ಮಲಗುತ್ತಿತ್ತು. ಆಫ್ರಿಕಾ ಕಾಣಿಸಿಕೊಳ್ಳುತ್ತಿದ್ದುದು 1884ರ ಬರ್ಲಿನ್ ಸಮ್ಮೇಳನದಲ್ಲಿ ಅದನ್ನು ಹಂಚಿಕೊಳ್ಳಲು ಕುಳಿತಾಗ ಮಾತ್ರ. ಐದು ಶತಮಾನಗಳನ್ನು ಒಂದು ವರ್ಷದಲ್ಲಿ ದಾಟಬೇಕಾದಾಗ ಪ್ರತಿಯೊಂದು ಘಟನೆಯೂ ಕಾರಣ, ಘಟನಾವಳಿ, ಪರಿಣಾಮ ಎಂಬ ಮೂರು ಪಟ್ಟಿಗಳಾಗುವುದು ಅನಿವಾರ್ಯ.

ಆ ಪಟ್ಟಿಗಳ ಕೈಯಲ್ಲಿ ನಾನೊಮ್ಮೆ ಸೋತ ಕಥೆಯನ್ನು ಹೇಳಬೇಕು. ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ಮೌಲ್ಯಮಾಪನ ಕೇಂದ್ರದ ಉದ್ದ ಮೇಜಿನ ಮುಂದೆ ಕುಳಿತಿದ್ದೆ. ಪ್ರಶ್ನೆ, 1789ರ ಫ್ರಾನ್ಸಿನ ಮಹಾಕ್ರಾಂತಿಗೆ ಕಾರಣಗಳು. ಕೈಯಲ್ಲಿದ್ದ ಮಾದರಿ ಉತ್ತರದಲ್ಲಿ ರಾಜಕೀಯ, ಸಾಮಾಜಿಕ, ಆರ್ಥಿಕ, ಬೌದ್ಧಿಕ ಎಂಬ ನಾಲ್ಕು ಶೀರ್ಷಿಕೆಗಳು. ವಾಲ್ಟೇರ್, ರೂಸೋ, ಮಾಂಟೆಸ್ಕ್ಯೂ ಇವರಿಗೆ ತಲಾ ಅರ್ಧ ಅಂಕ. ಆಗ ಬಂದ ಒಂದು ಉತ್ತರದಲ್ಲಿ ಶೀರ್ಷಿಕೆಯೂ ಇಲ್ಲ, ರೂಸೋನೂ ಇಲ್ಲ. ರೊಟ್ಟಿಯ ಬೆಲೆ ಇತ್ತು. 1788ರ ಜುಲೈಯಲ್ಲಿ ಆಲಿಕಲ್ಲು ಮಳೆ ಬಿದ್ದು ಪೈರು ಹಾಳಾದದ್ದು, ಮುಂದಿನ ವರ್ಷ ಪ್ಯಾರಿಸಿನಲ್ಲಿ ರೊಟ್ಟಿ ತುಟ್ಟಿಯಾದದ್ದು, ಅಕ್ಟೋಬರ್ 5ರಂದು ಹೆಂಗಸರು ವರ್ಸೇಲ್ಸಿಗೆ ನಡೆದು ಹೋಗಿ ಮರುದಿನ ರಾಜನನ್ನೇ ಊರಿಗೆ ಕರೆತಂದದ್ದು, ಇಷ್ಟನ್ನೇ ಆ ವಿದ್ಯಾರ್ಥಿ ಎಳೆ ಬಿಡದೆ ಬರೆದಿದ್ದ. ಅಥವಾ ಬರೆದಿದ್ದಳು. ಉತ್ತರಪತ್ರಿಕೆಯ ಮೇಲಿದ್ದದ್ದು ಹೆಸರಲ್ಲ, ಸಂಖ್ಯೆ. ಕೊನೆಗೊಂದು ವಾಕ್ಯವಿತ್ತು: ತೆರಿಗೆ ಕೊಡದವರು ಉಂಡು, ಕೊಟ್ಟವರು ಹಸಿದಾಗ ಓದು ಬಾರದವರಿಗೂ ವಿಷಯ ತಿಳಿಯುತ್ತದೆ ಎಂದು.

ನಾನು ಎರಡು ಸಲ ಓದಿದೆ. ಮಾದರಿ ಉತ್ತರವನ್ನು ನೋಡಿದೆ. ನಾಲ್ಕು ಅಂಕ ಕೊಟ್ಟು ಮುಂದಿನ ಪತ್ರಿಕೆ ಎತ್ತಿಕೊಂಡೆ. ಮೂವತ್ತೈದು ಬಂದರೆ ತೇರ್ಗಡೆ, ಮೂವತ್ತನಾಲ್ಕು ಬಂದರೆ ಇಲ್ಲ ಎಂಬ ವ್ಯವಸ್ಥೆಯಲ್ಲಿ ಆ ನಾಲ್ಕು ಏನು ಮಾಡಿತೋ ನನಗೆ ತಿಳಿಯುವ ದಾರಿಯಿಲ್ಲ. ಅಂದು ರಾತ್ರಿ ಊಟಕ್ಕೆ ಕುಳಿತಾಗ ಆ ವಾಕ್ಯ ನೆನಪಾಯಿತು. ಅಷ್ಟು ಹೊತ್ತಿಗೆ ಪತ್ರಿಕೆಯ ಕಟ್ಟಿಗೆ ದಾರ ಬಿಗಿದಾಗಿತ್ತು.

ಹಾಗೆಂದು ಮಾದರಿ ಉತ್ತರವನ್ನು ಹಳಿಯುವುದು ನ್ಯಾಯವಲ್ಲ. ಅದಿಲ್ಲದಿದ್ದರೆ ಏನಾಗುತ್ತದೆಂಬುದನ್ನು ಸ್ಟಾರ್ಚ್ ಮತ್ತು ಎಲಿಯಟ್ ಎಂಬ ಇಬ್ಬರು ಅಮೆರಿಕನ್ ವಿದ್ವಾಂಸರು 1912ರಲ್ಲಿ ತೋರಿಸಿದರು. ಇಂಗ್ಲಿಷ್ ಉತ್ತರಪತ್ರಿಕೆಯ ಪ್ರತಿಗಳನ್ನು ನೂರಕ್ಕೂ ಮಿಕ್ಕಿ ಅಧ್ಯಾಪಕರಿಗೆ ಕಳಿಸಿದಾಗ, ಅದೇ ಬರಹಕ್ಕೆ ಕೆಲವರು ನೂರಕ್ಕೆ ಎಪ್ಪತ್ತಕ್ಕಿಂತ ಕಡಿಮೆ, ಕೆಲವರು ತೊಂಬತ್ತೈದಕ್ಕಿಂತ ಹೆಚ್ಚು ಕೊಟ್ಟಿದ್ದರು. ಭಾಷೆಯ ವಿಷಯ ಹೀಗೇ ಎಂದು ಸಮಾಧಾನ ಹೇಳಿಕೊಳ್ಳುವಂತಿಲ್ಲ. ಮರುವರ್ಷ ರೇಖಾಗಣಿತದ ಪತ್ರಿಕೆಯಲ್ಲಿ ಈ ಅಂತರ ಇನ್ನೂ ಹಿಗ್ಗಿತು. ಪರೀಕ್ಷಕನ ಲಹರಿಯಿಂದ ವಿದ್ಯಾರ್ಥಿಯನ್ನು ಕಾಪಾಡುವ ಬೇಲಿ ಈ ಪಟ್ಟಿ. ಬೇಲಿಯ ಹೊರಗೆ ಬೆಳೆದ ಪೈರಿಗೆ ಏನು ಮಾಡಬೇಕೆಂಬುದನ್ನು ಅದು ಹೇಳುವುದಿಲ್ಲ, ಅಷ್ಟೆ.

ವಿಶ್ವವಿದ್ಯಾಲಯದ ಪರೀಕ್ಷೆ ನನ್ನ ಕೈಯಲ್ಲಿರಲಿಲ್ಲ. ಕಾಲೇಜಿನ ಕಿರುಪರೀಕ್ಷೆಗಳಿದ್ದವು. ಅವುಗಳಲ್ಲಿ ಒಂದು ಪ್ರಯೋಗ ಮಾಡಿದೆ. ವಿದ್ಯಾರ್ಥಿಗಳ ಕಣ್ಣಿಗೆ ಬಿದ್ದಿರುವ ಊರೊಂದರಿಂದ ಜಗತ್ತನ್ನು ತೋರಿಸಬೇಕೆಂದು ವಿಜಯನಗರವನ್ನು ಆರಿಸಿಕೊಂಡೆ. ಹೆರಾತಿನ ಷಾರುಖ್ ದೊರೆಯ ರಾಯಭಾರಿಯಾಗಿ 1443ರಲ್ಲಿ ಅಲ್ಲಿಗೆ ಬಂದ ಅಬ್ದುರ್ ರಜಾಕ್, ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್, ಅಚ್ಯುತರಾಯನ ಕಾಲದ ಕುದುರೆ ವ್ಯಾಪಾರಿ ನೂನಿಜ್, ಈ ಮೂವರ ಬರಹಗಳಿಂದ ಒಂದೊಂದು ಪುಟವನ್ನು ಕನ್ನಡಕ್ಕೆ ಮಾಡಿ ಸೈಕ್ಲೋಸ್ಟೈಲ್ ತೆಗೆಸಿ ಹಂಚಿದೆ. ಪೋರ್ಚುಗೀಸರಿಬ್ಬರ ವೃತ್ತಾಂತಗಳು ರಾಬರ್ಟ್ ಸಿವೆಲ್ 1900ರಲ್ಲಿ ಇಂಗ್ಲಿಷಿಗೆ ತಂದ ಪುಸ್ತಕದಲ್ಲಿ ಸುಲಭವಾಗಿ ಸಿಗುತ್ತವೆ. ಪ್ರಶ್ನೆ ಒಂದೇ: ಒಂದೇ ಊರನ್ನು ಕಂಡ ಈ ಮೂವರು ಬೇರೆಬೇರೆ ಸಂಗತಿಗಳನ್ನು ಏಕೆ ಕಂಡರು?

ರಜಾಕ್ ಹೆರಾತಿನಿಂದ ಅಳೆಯುತ್ತಾನೆ. ಪಯಸ್ ಊರಿನ ವಿಸ್ತಾರವನ್ನು ರೋಮಿಗೆ ಹೋಲಿಸುತ್ತಾನೆ. ಇಷ್ಟನ್ನು ಗಮನಿಸಿದ ವಿದ್ಯಾರ್ಥಿಗೆ ಹಂಪೆಯ ಮೂಲಕವೇ ಮಧ್ಯ ಏಷ್ಯವೂ ಲಿಸ್ಬನ್ನೂ ಕಾಣುತ್ತವೆ. ಅರಬ್ಬೀ ಸಮುದ್ರ ದಾಟಿ ಕುದುರೆ ಏಕೆ ಬರಬೇಕಿತ್ತು, 1510ರಲ್ಲಿ ಗೋವೆ ಪೋರ್ಚುಗೀಸರ ವಶವಾದ ಮೇಲೆ ಆ ವ್ಯಾಪಾರ ಯಾರ ಕೈಗೆ ಹೋಯಿತು ಎಂದು ಕೇಳಿದರೆ, ಜಗತ್ತಿನ ಇತಿಹಾಸ ಅಲ್ಲಿಯೇ ಇದೆ.

ಅಂಕಗಳ ಹಂಚಿಕೆಯನ್ನು ಮೊದಲ ದಿನವೇ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದೆ. ಸಂಗತಿಗಳ ನಿಖರತೆಗೆ ನಾಲ್ಕು, ಒಂದನ್ನೊಂದಕ್ಕೆ ಸಂಬಂಧಿಸಿದ್ದಕ್ಕೆ ಮೂರು, ಮಾತಿಗೆ ಆಧಾರ ತೋರಿಸಿದ್ದಕ್ಕೆ ಮೂರು. ಭಾಷೆಗೆ ಬೇರೆ ಅಂಕವಿಡಲಿಲ್ಲ. 'ಮತಸುಧಾರಣೆ' ಎಂಬ ಮಾತು ನಾಲಗೆಗೆ ಹತ್ತದೆ, ಊರಿನ ಆಡುಮಾತಿನಲ್ಲೇ ಲೂಥರನ ಜಗಳವನ್ನು ಸರಿಯಾಗಿ ಬರೆದ ಹುಡುಗನಿಂದ ಕಿತ್ತುಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಸಹೋದ್ಯೋಗಿಗಳು ಇದನ್ನು ಒಪ್ಪಲಿಲ್ಲ, ಅವರ ಆಕ್ಷೇಪಣೆಯಲ್ಲಿ ಸತ್ಯವಿಲ್ಲದಿಲ್ಲ. ಮೊದಲ ಪರೀಕ್ಷೆಯಲ್ಲಿ ಗೈಡು ಬಾಯಿಪಾಠ ಮಾಡಿ ಸದಾ ಎಂಟು ತೆಗೆಯುತ್ತಿದ್ದವರು ಐದಕ್ಕಿಳಿದು ಮುಖ ಸಣ್ಣದು ಮಾಡಿಕೊಂಡರು. ಒಂದಿಬ್ಬರ ಪೋಷಕರೂ ಬಂದರು. ಗೋಡೆಯ ಹಾಳೆಯನ್ನು ತೋರಿಸಿದೆ. ಮೂರನೆಯ ಪರೀಕ್ಷೆಯ ಹೊತ್ತಿಗೆ ಆ ಐದರವರಲ್ಲಿ ಹಲವರು ಏಳಕ್ಕೆ ಬಂದಿದ್ದರು. ಎಲ್ಲರೂ ಅಲ್ಲ.

ಆ ವರ್ಷದ ಒಂದು ಉತ್ತರದಲ್ಲಿ, ನೂನಿಜ್ ಕುದುರೆ ಮಾರಲು ಬಂದವನಾದ್ದರಿಂದ ಅರಮನೆಯಲ್ಲೂ ಅವನಿಗೆ ಲಾಯವೇ ಮೊದಲು ಕಾಣುತ್ತದೆ ಎಂದಿತ್ತು. ಬರೆದವಳು ಹಿಂದಿನ ಬೆಂಚಿನ ಹುಡುಗಿ. ನಾನು ಒಂಬತ್ತು ಎಂದೆ. ಪಕ್ಕದಲ್ಲಿದ್ದ ಸಹೋದ್ಯೋಗಿ ಆರಕ್ಕಿಂತ ಹೆಚ್ಚು ಸಲ್ಲದೆಂದರು, ಇಸವಿಗಳು ತಪ್ಪಿದ್ದವು. ಗಂಟೆ ಹೊಡೆಯುವವರೆಗೆ ವಾದಿಸಿ ಎಂಟಕ್ಕೆ ಬಂದೆವು. ಮರುದಿನ ಪತ್ರಿಕೆ ಹಂಚಿದಾಗ ಅವಳು ಎದ್ದು ನಿಂತಳು.

"ಸಾರ್, ಇನ್ನೆರಡು ಅಂಕ ಎಲ್ಲಿ ಹೋಯಿತು?"

ಅವಳನ್ನು ಗೋಡೆಯ ಹತ್ತಿರಕ್ಕೆ ಕರೆದು, ಮೊದಲ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ.