ಡಾಕ್ಟರ ಷಾಪು

ನಮ್ಮ ಸೀಮೆಯಲ್ಲಿ ಆಸ್ಪತ್ರೆ ಎಂದರೆ ಬೇರೆ, ಡಾಕ್ಟರ ಷಾಪು ಎಂದರೆ ಬೇರೆ. ಆಸ್ಪತ್ರೆ ಸರ್ಕಾರದ್ದು, ಇಲ್ಲವೇ ಮಂಡ್ಯ, ಮೈಸೂರುಗಳಲ್ಲಿ ಅಂತಸ್ತಿನ ಮೇಲೆ ಅಂತಸ್ತು ಕಟ್ಟಿಸಿರುವ ದೊಡ್ಡ ಜಾಗ. ಷಾಪು ಎಂದರೆ ಗೊಬ್ಬರದ ಅಂಗಡಿಗೂ ಬಟ್ಟೆ ಅಂಗಡಿಗೂ ನಡುವೆ ಬೀದಿಗೆ ಬಾಗಿಲು ತೆರೆದ ಎರಡು ಕೋಣೆ. ಹೊರಗೆ ಒಂದು ಬೆಂಚು, ಒಳಗೆ ಒಬ್ಬರೇ ಡಾಕ್ಟರು, ಪರದೆಯ ಹಿಂದೆ ಔಷಧಿ ಕಟ್ಟಿಕೊಡುವ ಕಾಂಪೌಂಡರು. ಮಂಡ್ಯ, ಮದ್ದೂರು, ಮಳವಳ್ಳಿಗಳ ಪೇಟೆಬೀದಿಯಲ್ಲಿ ನಡೆದವರೆಲ್ಲ ಇಂತಹ ಷಾಪುಗಳನ್ನು ಕಂಡೇ ಇರುತ್ತಾರೆ. ಆದರೆ ಅಲ್ಲಿ ಏನೇನು ನಡೆಯುತ್ತದೆ, ಯಾವುದಕ್ಕೆ ಅಲ್ಲಿಗೆ ಹೋಗಬೇಕು, ಯಾವುದಕ್ಕೆ ಹೋಗಬಾರದು ಎಂಬುದನ್ನು ನಾವು ಕುಳಿತು ಯೋಚಿಸಿದ್ದು ಕಡಿಮೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಆದ್ದರಿಂದ ನಮ್ಮ ಬೀದಿಯ ಡಾಕ್ಟರ ಚೀಟಿಗಳೆಲ್ಲ ಓದಿಸಿಕೊಳ್ಳಲು ನನ್ನ ಬಳಿಗೇ ಬರುತ್ತವೆ. ಓದಿ ಓದಿ ತಿಳಿದುಕೊಂಡ ಸಂಗತಿಗಳನ್ನು ಈ ಪುಟಗಳಲ್ಲಿ ಬರೆದರೆ ಇತರರಿಗೂ ಉಪಯೋಗವಾದೀತು ಎಂದು ಈ ಪ್ರಯತ್ನ.

ಇಂಗ್ಲೆಂಡಿನಲ್ಲಿ 1948ರಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾಯಿತು. ಅಂದಿನಿಂದ ಅಲ್ಲಿನ ಜನ ಒಬ್ಬ ಕುಟುಂಬ ವೈದ್ಯರ ಪಟ್ಟಿಯಲ್ಲಿ ಹೆಸರು ಬರೆಸಿರುತ್ತಾರೆ. ತುರ್ತಿನ ಸಂದರ್ಭ ಬಿಟ್ಟರೆ, ದೊಡ್ಡ ತಜ್ಞರ ಬಳಿಗೆ ಹೋಗಲು ಸಾಮಾನ್ಯವಾಗಿ ಆ ವೈದ್ಯರೇ ಪತ್ರ ಬರೆಯಬೇಕು. ನಮ್ಮಲ್ಲಿ ಅಂತಹ ಕಟ್ಟುಪಾಡಿಲ್ಲ. ನಮ್ಮ ದೇಶದಲ್ಲಿ ಸರ್ ಜೋಸೆಫ್ ಭೋರ್ ಅವರ ಸಮಿತಿ 1946ರಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಯೋಜನೆ ಹಾಕಿಕೊಟ್ಟಿತು. ಈಗಿನ ನಿಯಮದ ಪ್ರಕಾರ ಬಯಲುಸೀಮೆಯಲ್ಲಿ ಮೂವತ್ತು ಸಾವಿರ ಜನಕ್ಕೆ ಒಂದು ಕೇಂದ್ರ, ಐದು ಸಾವಿರ ಜನಕ್ಕೆ ಒಂದು ಉಪಕೇಂದ್ರ. ಒಬ್ಬರು ವೈದ್ಯರು ಮೂವತ್ತು ಸಾವಿರ ಜನರ ಮುಖ ನೆನಪಿಟ್ಟುಕೊಳ್ಳುವುದು ಸಾಧ್ಯವೇ? ಈ ತೆರಪನ್ನು ತುಂಬಿಕೊಂಡು ಬಂದದ್ದು ಪೇಟೆಯ ಷಾಪು; ಕಾನೂನಿನಿಂದಲ್ಲ, ರೂಢಿಯಿಂದ.

ನಮ್ಮ ಜಿಲ್ಲೆಗೆ ನೀರಾವರಿಯ ಜೊತೆಯಲ್ಲಿಯೇ ರೋಗವೂ ಬಂದಿತ್ತು. ಈಗ ವಿಶ್ವೇಶ್ವರಯ್ಯ ನಾಲೆ ಎನ್ನುವ ಇರ್ವಿನ್ ನಾಲೆಯ ನೀರು 1930ರ ದಶಕದಲ್ಲಿ ಹರಿದಾಗ ಗದ್ದೆಗಳೂ ಬಂದವು, ಸೊಳ್ಳೆಯೂ ಬಂತು, ಮಲೇರಿಯಾ ಚಳಿಜ್ವರವೂ ಬಂತು. ಅದಕ್ಕೂ ಸ್ವಲ್ಪ ಮೊದಲೇ ಮೈಸೂರು ಸರ್ಕಾರ ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಸಂಸ್ಥಾನದಲ್ಲಿ ಮಲೇರಿಯಾ ಶೋಧನೆ ಕೈಗೊಂಡಿತ್ತು. ಇಂದಿನ ಕಾಯಿಲೆಗಳು ಬೇರೆ. ರಕ್ತದ ಒತ್ತಡ, ಸಕ್ಕರೆ ಕಾಯಿಲೆ, ಮಂಡಿನೋವು: ಇವು ಒಂದು ವಾರ ಗುಳಿಗೆ ನುಂಗಿದರೆ ಹೋಗುವಂಥವಲ್ಲ, ಬಂದು ಮನೆಯಲ್ಲಿ ಕೂರುವಂಥವು. ಸಕ್ಕರೆಯ ನಾಡಿಗೆ ಸಕ್ಕರೆ ಕಾಯಿಲೆ ಬಂತೆಂದು ಹಾಸ್ಯ ಮಾಡುವವರುಂಟು. ಹಾಸ್ಯ ಮಾಡುವವರ ಮನೆಯಲ್ಲಿ ಯಾರಿಗೂ ಕಾಲಿನ ಹುಣ್ಣು ಆಗಿರಲಿಕ್ಕಿಲ್ಲ.

ನಮ್ಮ ಮನೆಯವರು ಹೋಗುವ ಷಾಪಿನಲ್ಲಿ ಬೆಳಿಗ್ಗೆ ಒಂಬತ್ತರಿಂದ ಒಂದೂವರೆ, ಸಂಜೆ ಐದರಿಂದ ಎಂಟು ಎಂದು ಹಲಗೆಯ ಮೇಲೆ ಬರೆದಿದೆ. ಸಂತೆಯ ದಿನ ಈ ಗಡಿಯಾರ ನಡೆಯುವುದಿಲ್ಲ. ಜ್ವರ, ಕೆಮ್ಮು, ಭೇದಿ ನೋಡುತ್ತಾರೆ. ಕುಡುಗೋಲು ತಾಗಿದ ಗಾಯಕ್ಕೆ ಹೊಲಿಗೆ ಹಾಕಿ ಪಟ್ಟಿ ಕಟ್ಟುತ್ತಾರೆ. ಕಿವಿಯ ಗುಗ್ಗೆ ತೆಗೆಯುತ್ತಾರೆ. ಬೆರಳು ಚುಚ್ಚಿ ಒಂದು ಹನಿ ರಕ್ತದಲ್ಲಿ ಸಕ್ಕರೆ ನೋಡುತ್ತಾರೆ. ಭಾನುವಾರ ಮೈಸೂರಿನಿಂದ ಮೂಳೆ ಡಾಕ್ಟರು ಬಂದು ಎರಡು ಗಂಟೆ ಕೂರುತ್ತಾರೆ; ಅಂದು ಬೆಂಚಿನ ಮೇಲೆ ಮಂಡಿ ಹಿಡಿದುಕೊಂಡ ಅಜ್ಜಿಯರದೇ ರಾಜ್ಯ. ಮಕ್ಕಳ ಲಸಿಕೆಗೆ ಮಾತ್ರ ನಮ್ಮ ಡಾಕ್ಟರು ಸರ್ಕಾರಿ ಕೇಂದ್ರಕ್ಕೇ ಕಳಿಸುತ್ತಾರೆ. ಗುರುವಾರ ಅಲ್ಲಿ ಪುಕ್ಕಟೆ ಹಾಕುವಾಗ ಇಲ್ಲೇಕೆ ದುಡ್ಡು ಕೊಡುತ್ತೀರಿ ಎಂದು ಗದರುತ್ತಾರೆ. ಬಸುರಿಯರಿಗೂ ಮೊದಲು ತಾಯಿ ಕಾರ್ಡು ಮಾಡಿಸಿಕೊಂಡು ಬನ್ನಿ ಎನ್ನುತ್ತಾರೆ. 2016ರಿಂದ ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರನ್ನು ವೈದ್ಯರೇ ಪರೀಕ್ಷಿಸುವ ಏರ್ಪಾಡಿದೆ.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ತಿಳಿಯುವ ದಾರಿ ಉಂಟೇ ಎಂದು ಷಾಪಿನ ಬೆಂಚಿನ ಮೇಲೆ ಪಿಸುಗುಟ್ಟುವುದನ್ನು ನಾನೇ ಕೇಳಿದ್ದೇನೆ. 1994ರ ಕಾನೂನಿನ ಪ್ರಕಾರ ಅದು ಅಪರಾಧ. 2023ರ ಕೊನೆಯಲ್ಲಿ ಮಂಡ್ಯದ ಹತ್ತಿರ ಆಲೆಮನೆಯೊಂದರಲ್ಲಿಯೇ ಸ್ಕ್ಯಾನಿಂಗ್ ಯಂತ್ರವಿಟ್ಟು ಇದೇ ದಂಧೆ ನಡೆಸುತ್ತಿದ್ದುದು ಬಯಲಾಯಿತು. ಬೆಲ್ಲ ಬೇಯಿಸುವ ಜಾಗ! ಹೆಣ್ಣುಮಗಳಾಗಿ ಹುಟ್ಟಿ ಬಿ.ಎ. ಕೊನೆಯ ವರ್ಷದಲ್ಲಿ ಕುಳಿತಿರುವ ನಾನು ಇದರ ಬಗ್ಗೆ ಹೆಚ್ಚು ಬರೆದರೆ ಕೋಪದ ಮಾತಾದೀತು.

ಇನ್ನು ಸೂಜಿಯ ವಿಷಯ. ನಮ್ಮ ಜನಕ್ಕೆ ಗುಳಿಗೆಯಲ್ಲಿ ಅರ್ಧ ನಂಬಿಕೆ, ಸೂಜಿಯಲ್ಲಿ ಪೂರ್ತಿ ನಂಬಿಕೆ, ಗ್ಲೂಕೋಸ್ ಬಾಟಲಿಯಲ್ಲಿ ಭಕ್ತಿ. ಸೂಜಿ ಹಾಕದ ಡಾಕ್ಟರು ಓದಿದ್ದೇ ಸಂದೇಹ ಎನ್ನುವವರಿದ್ದಾರೆ. ನೆಗಡಿ ಮತ್ತು ಬಹುಪಾಲು ಕೆಮ್ಮುಗಳು ವೈರಸ್ಸಿನಿಂದ ಬರುತ್ತವೆ. ಆಂಟಿಬಯೋಟಿಕ್ ಔಷಧಿ ವೈರಸ್ಸನ್ನು ಮುಟ್ಟುವುದೂ ಇಲ್ಲ. ಬಳಸಿದ ಸೂಜಿಯನ್ನು ಮತ್ತೆ ಬಳಸಿದರೆ ಕಾಮಾಲೆಯ ಬಿ ಮತ್ತು ಸಿ ಜಾತಿಯ ರೋಗಾಣುಗಳು ಒಬ್ಬರಿಂದ ಒಬ್ಬರಿಗೆ ದಾಟುತ್ತವೆ. ಮೈನೋವು ಕ್ಷಣದಲ್ಲಿ ಹಾರಿಹೋಗುವಂತೆ ಮಾಡುವ ಕೆಲವು ಸೂಜಿಗಳಲ್ಲಿ ಸ್ಟೆರಾಯ್ಡ್ ಇರುತ್ತದೆ. ಅದು ಕೆಲವು ರೋಗಗಳಲ್ಲಿ ಅಮೃತವೇ ಹೌದು, ಆದರೆ ರಕ್ತದ ಸಕ್ಕರೆಯನ್ನು ಏರಿಸುತ್ತದೆ.

ನನ್ನ ತಂದೆಗೆ ಆದದ್ದು ಇದೇ. ಕಬ್ಬು ಕಡಿದ ಗದ್ದೆಯಲ್ಲಿ ಕೂಳೆ ತಗುಲಿ ಅಂಗಾಲಿಗೆ ಗಾಯವಾಯಿತು. ನೋವಿಲ್ಲವಲ್ಲ ಎಂದು ಸುಮ್ಮನಿದ್ದರು. ನೋವಿಲ್ಲದಿರುವುದೇ ಕೆಟ್ಟ ಲಕ್ಷಣ, ಸಕ್ಕರೆ ಕಾಯಿಲೆ ಕಾಲಿನ ನರಗಳನ್ನು ಮಂದ ಮಾಡಿಬಿಡುತ್ತದೆ ಎಂಬುದು ಆಗ ನಮಗಾರಿಗೂ ತಿಳಿಯದು. ಮನೆಮನೆಗೆ ಬಂದು ಸೂಜಿ ಹಾಕುವ ಒಬ್ಬ ವ್ಯಕ್ತಿಯಿಂದ ಮೂರು ವಾರ ಸೂಜಿ ಹಾಕಿಸಿಕೊಂಡದ್ದಾಯಿತು. ಕಡೆಗೆ ಅಮ್ಮ ಹಟ ಹಿಡಿದು ಷಾಪಿಗೆ ಕರೆದುಕೊಂಡು ಹೋದರು. ಜೊತೆಯಲ್ಲಿ ನಾನೂ ಇದ್ದೆ. ಡಾಕ್ಟರು ಪಟ್ಟಿ ಬಿಚ್ಚಿ ನೋಡಿ, ಗಾಯದ ಮಾತೇ ಎತ್ತದೆ, "ನಿಮ್ಮವ್ವನ ಕಾಲು ಜ್ಞಾಪಕ ಇದೆಯೇನಯ್ಯ?" ಎಂದು ಕೇಳಿದರು. "ಅದ್ಯಾಕ್ ಮರ್ತೋದದು ಸಾ," ಎಂದರು ಅಪ್ಪ. ನಮ್ಮ ಅಜ್ಜಿ ಇಂತಹುದೇ ಹುಣ್ಣಿನಿಂದ ತೀರಿಕೊಂಡವರು. ಅವರಿಗೂ ಪಟ್ಟಿ ಕಟ್ಟಿದ್ದು ಇದೇ ಡಾಕ್ಟರು. ಕೂಡಲೇ ಬೆರಳು ಚುಚ್ಚಿ ನೋಡಿದರು. ಬರಿಹೊಟ್ಟೆಯಲ್ಲಿ ಸಕ್ಕರೆ 100ರ ಒಳಗಿರಬೇಕು. 126 ಮುಟ್ಟಿದರೆ ಕಾಯಿಲೆ ಎಂದು ಲೆಕ್ಕ, ಖಚಿತ ಮಾಡಿಕೊಳ್ಳಲು ಇನ್ನೊಮ್ಮೆ ನೋಡುತ್ತಾರೆ. ಅಪ್ಪನದು ಎಣಿಕೆಗೆ ಸಂದೇಹವೇ ಇಲ್ಲದಷ್ಟಿತ್ತು. ಒಂದು ಪತ್ರ ಬರೆದು, ನಾಳೆ ಎನ್ನಬೇಡಿ ಎಂದು ಅಂದೇ ಮಂಡ್ಯಕ್ಕೆ ಕಳಿಸಿದರು. ಎರಡು ಬೆರಳು ಹೋದವು, ಕಾಲು ಉಳಿಯಿತು.

ಆ ಪತ್ರವನ್ನು ಬಸ್ಸಿನಲ್ಲಿ ನಾನು ಮೂರು ಸಲ ಓದಿದೆ. ಎಂಟು ಸಾಲು. ತಾಯಿಗೆ ಇದ್ದ ಕಾಯಿಲೆ, ಗಾಯವಾದ ದಿನ, ಸ್ಪರ್ಶಜ್ಞಾನ ಎಲ್ಲಿಯವರೆಗೆ ಇಲ್ಲ, ಕೊಟ್ಟ ಔಷಧಿ ಯಾವುದು, ಪೆನಿಸಿಲಿನ್ ಒಗ್ಗುವುದಿಲ್ಲ ಎಂಬ ಎಚ್ಚರಿಕೆ. ದೊಡ್ಡಾಸ್ಪತ್ರೆಯ ಕಿರಿಯ ವೈದ್ಯರು ಅದನ್ನು ಓದಿದ ಮೇಲೆ ನಮ್ಮನ್ನು ಕೇಳಬೇಕಾದ ಪ್ರಶ್ನೆಗಳು ಎರಡೋ ಮೂರೋ ಉಳಿದವು. ಷಾಪಿನಲ್ಲಿ ಸಿಕ್ಕುವ ಅತಿ ಬೆಲೆಬಾಳುವ ವಸ್ತು ಈ ಪತ್ರವೇ ಎಂದು ನನ್ನ ಅಭಿಪ್ರಾಯ. ಅದನ್ನು ಬರೆಯಲು ಯಂತ್ರ ಬೇಡ. ಆ ಮನೆಯವರನ್ನು ಇಪ್ಪತ್ತು ವರ್ಷ ನೋಡಿರಬೇಕು.

ಅಂದಿನಿಂದ ಮೂರು ತಿಂಗಳಿಗೊಮ್ಮೆ ಅಪ್ಪನಿಗೆ ಎಚ್.ಬಿ.ಎ.ವನ್.ಸಿ. ಎಂಬ ಪರೀಕ್ಷೆ ಮಾಡಿಸುತ್ತೇವೆ. ನಮ್ಮ ಬೀದಿಯವರು ಇದರ ಅರ್ಥವನ್ನು ಎಷ್ಟೋ ಸಲ ಕೇಳಿದ್ದಾರೆ. ಕೆಂಪು ರಕ್ತಕಣಗಳ ಆಯುಸ್ಸು ಸುಮಾರು 120 ದಿನ. ಆ ಅವಧಿಯಲ್ಲಿ ರಕ್ತದಲ್ಲಿದ್ದ ಸಕ್ಕರೆ ಆ ಕಣಗಳಿಗೆ ಅಂಟಿಕೊಂಡಿರುತ್ತದೆ. ಎಷ್ಟು ಅಂಟಿದೆ ಎಂದು ಅಳೆದರೆ ಎರಡು ಮೂರು ತಿಂಗಳ ಸರಾಸರಿ ಗೊತ್ತಾಗುತ್ತದೆ. ಪರೀಕ್ಷೆಯ ಹಿಂದಿನ ಎರಡು ದಿನ ಮುದ್ದೆ ಕಡಿಮೆ ಮಾಡಿ, ಹಬ್ಬದ ಒಬ್ಬಟ್ಟನ್ನು ಮುಚ್ಚಿಡುವ ಜಾಣತನ ಇದರ ಮುಂದೆ ನಡೆಯುವುದಿಲ್ಲ. ನಮ್ಮ ಅಪ್ಪ ಪ್ರಯತ್ನಪಟ್ಟು ನೋಡಿದ್ದಾರೆ.

ಒಳ್ಳೆಯ ಷಾಪಿನ ಇನ್ನೊಂದು ಗುರುತು, ತನ್ನಿಂದ ಆಗದ್ದನ್ನು ಹಿಡಿದಿಟ್ಟುಕೊಳ್ಳದೆ ಇರುವುದು. ಕಬ್ಬಿನ ಗದ್ದೆಯಲ್ಲಿ ಹಾವು ಕಚ್ಚಿದರೆ ಕಟ್ಟು ಬಿಗಿಯಬಾರದು, ಕೊಯ್ಯಬಾರದು. ಕಚ್ಚಿದ ಅಂಗವನ್ನು ಅಲುಗಾಡಿಸದೆ ನೇರವಾಗಿ ತಾಲ್ಲೂಕು ಆಸ್ಪತ್ರೆಗೆ ಒಯ್ಯಬೇಕು. 108ಕ್ಕೆ ಕರೆ ಮಾಡಿದರೆ ಗಾಡಿ ಬರುತ್ತದೆ. 2008ರಿಂದ ಈ ಸೇವೆ ನಮ್ಮ ರಾಜ್ಯದಲ್ಲಿದೆ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತದ ಪ್ರಕರಣಗಳನ್ನು ವರದಿ ಮಾಡುವುದು ಕಡ್ಡಾಯವೆಂದು ಆಜ್ಞೆ ಹೊರಡಿಸಿತು. ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆಗೆ ಕಳಿಸಬೇಕು. ಕ್ಷಯವೆಂದು ಗೊತ್ತಾದರೆ ಖಾಸಗಿ ವೈದ್ಯರೂ ಸರ್ಕಾರಕ್ಕೆ ತಿಳಿಸಲೇಬೇಕೆಂದು 2012ರಿಂದ ನಿಯಮವಿದೆ. ಷಾಪಿನ ಗೋಡೆಯ ಮೇಲೆ 2007ರ ಕಾನೂನಿನ ಪ್ರಕಾರ ಪಡೆದ ನೋಂದಣಿ ಪತ್ರ ತೂಗುಹಾಕಿರಬೇಕು. ಅದು ಕಾಣದಿದ್ದರೆ ಸಂಕೋಚಪಡದೆ ಕೇಳಬಹುದು.

ಫೀಜಿನ ಮಾತು ಬಂದರೆ ಮಂಡ್ಯದ ಡಾ. ಶಂಕರೇಗೌಡರ ಹೆಸರು ತಾನಾಗಿ ಬರುತ್ತದೆ. ಮಣಿಪಾಲದಲ್ಲಿ ಓದಿ, ಚರ್ಮರೋಗದಲ್ಲಿ ಪರಿಣತಿ ಪಡೆದು, 1980ರ ದಶಕದಿಂದ ಈ ಜಿಲ್ಲೆಯ ಜನರನ್ನು ನೋಡುತ್ತ ಬಂದು 'ಐದು ರೂಪಾಯಿ ಡಾಕ್ಟರು' ಎಂದೇ ಹೆಸರಾದವರು. ಅಂಗಡಿಯ ಜಗಲಿಯ ಮೇಲೆ ಕುಳಿತು ಚೀಟಿ ಬರೆದರೂ ಜನ ಸಾಲುಗಟ್ಟಿ ನಿಂತರು. ಪತ್ರಿಕೆಗಳೆಲ್ಲ ಐದು ರೂಪಾಯಿಯನ್ನು ಹೊಗಳಿದವು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅವರು ಬರೆಯುತ್ತಿದ್ದ ಔಷಧಿಯೂ ಅಗ್ಗದ್ದೇ ಎಂಬ ಸಂಗತಿ. ಫೀಜು ಒಂದು ಸಲದ ಖರ್ಚು. ಔಷಧಿ ತಿಂಗಳು ತಿಂಗಳಿನದು.

ಆದರೆ ಇಂತಹ ಷಾಪುಗಳು ಕಡಿಮೆಯಾಗುತ್ತಿವೆ. ನಮ್ಮ ಡಾಕ್ಟರಿಗೆ ಎಪ್ಪತ್ತು ದಾಟಿತು. ಸಂಜೆಯ ಹೊತ್ತು ಬಾಗಿಲು ಹಾಕಿರುವ ದಿನಗಳೇ ಹೆಚ್ಚು. ಅವರ ಮಕ್ಕಳಿಬ್ಬರೂ ಬೆಂಗಳೂರಿನಲ್ಲಿ ತಜ್ಞ ವೈದ್ಯರು, ಇಲ್ಲಿಗೆ ಬಂದು ಕೂರುವವರಲ್ಲ. ಅವರನ್ನು ದೂರುವುದು ನ್ಯಾಯವಲ್ಲ. ನಾನು ಓದುತ್ತಿರುವುದೂ ಗದ್ದೆಗೆ ಹಿಂತಿರುಗುವುದಕ್ಕೆ ಅಲ್ಲವಷ್ಟೆ.

ಮಂಡ್ಯದಲ್ಲಿ 2006ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಯಿತು. ಈಚಿನ ವರ್ಷಗಳಲ್ಲಿ ದೇಶದ ಎಲ್ಲ ವೈದ್ಯಕೀಯ ವಿದ್ಯಾರ್ಥಿಗಳೂ ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ತೆಗೆದುಕೊಂಡು ಅವರ ಆರೋಗ್ಯವನ್ನು ಗಮನಿಸುತ್ತಿರಬೇಕೆಂಬ ಪದ್ಧತಿ ಬಂದಿದೆ. ಕಳೆದ ವರ್ಷ ನಮ್ಮ ಮನೆಗೂ ನನ್ನದೇ ವಯಸ್ಸಿನ ಒಬ್ಬ ವಿದ್ಯಾರ್ಥಿನಿ ಬಂದಿದ್ದಳು. ಅಪ್ಪನ ಅಂಗಾಲನ್ನು ಬೆಳಕಿಗೆ ತಿರುಗಿಸಿ ನೋಡಿದಳು, ದಾರದ ತುದಿಯಷ್ಟು ತೆಳುವಾದ ಒಂದು ನೈಲಾನ್ ಎಳೆಯಿಂದ ಅಲ್ಲಲ್ಲಿ ಮುಟ್ಟಿ, ತಿಳಿಯಿತೇ ಎಂದು ಕೇಳಿದಳು, ಗದ್ದೆಗೂ ಚಪ್ಪಲಿ ಹಾಕಿಕೊಂಡೇ ಇಳಿಯಿರಿ ಎಂದಳು. ಅಪ್ಪ ನಕ್ಕರು. ಆಮೇಲೆ ಆಕೆ ಪುಸ್ತಕ ತೆರೆದು, ಅಜ್ಜಿಗೆ ಯಾವ ವಯಸ್ಸಿನಲ್ಲಿ ಕಾಯಿಲೆ ಕಾಣಿಸಿಕೊಂಡಿತು ಎಂದು ಕೇಳಿದಳು. ನಮಗಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಷಾಪಿನ ಡಾಕ್ಟರಿಗೆ ಗೊತ್ತಿರುತ್ತದೆ, ಕೇಳಿ ಬರೆದಿಟ್ಟಿರುತ್ತೇನೆ ಎಂದು ನಾನು ಹೇಳಿದೆ.