ಹಳೆಯ ರುಚಿ, ಹೊಸ ಪಾಕ

ಮನುಷ್ಯನು ದುಡಿದು ದಣಿದು ಮನೆಗೆ ಬಂದಾಗ, ಜ್ವರ ಬಿಟ್ಟು ಹಾಸಿಗೆಯಿಂದ ಎದ್ದಾಗ, ಪರಸ್ಥಳದಲ್ಲಿ ಹಲವು ದಿನ ಕಳೆದು ತನ್ನ ಊರಿಗೆ ಹಿಂದಿರುಗಿದಾಗ ಬಯಸುವ ಊಟ ಯಾವುದು? ಮದುವೆಯ ಮನೆಯ ಹೋಳಿಗೆ ಚಿರೋಟಿಗಳಲ್ಲ. ಬಿಸಿ ಅನ್ನ, ಮೆಣಸಿನ ಸಾರು, ಮೇಲೊಂದು ಮಿಳ್ಳೆ ತುಪ್ಪ. ಇಲ್ಲವೆ ಒಂದು ಬಟ್ಟಲು ಮೊಸರನ್ನ, ನಂಚಿಕೊಳ್ಳಲು ಒಂದು ಹೋಳು ಉಪ್ಪಿನಕಾಯಿ. ಇಲ್ಲವೆ ಬಿಸಿ ಮುದ್ದೆ, ಸೊಪ್ಪಿನ ಹುಳಿ. ಇವುಗಳಲ್ಲಿ ಆಡಂಬರವೇನೂ ಇಲ್ಲ. ಆದರೂ ಇವು ನಾಲಗೆಗೆ ಕೊಡುವುದಕ್ಕಿಂತ ಹೆಚ್ಚಿನ ತೃಪ್ತಿಯನ್ನು ಮನಸ್ಸಿಗೆ ಕೊಡುತ್ತವೆ. ಇಂಥ ಊಟವನ್ನು 'ನೆಮ್ಮದಿಯ ಊಟ'ವೆಂದು ಕರೆಯೋಣ. ಈ ಊಟದಲ್ಲಿ ಹೊಸತನವನ್ನು ತರಬಹುದೆ, ತರುವುದಾದರೆ ಯಾವ ಬಗೆಯಲ್ಲಿ ತರಬೇಕು ಎಂಬುದೇ ನಮ್ಮ ಇಂದಿನ ವಿಷಯ.

ಇದು ಕೇವಲ ಬಾಯಿಚಪಲದ ಪ್ರಶ್ನೆಯೆಂದು ಯಾರೂ ಭಾವಿಸಬೇಕಾಗಿಲ್ಲ. ಮೂರು ಹೊತ್ತೂ ಅಕ್ಕಿಯನ್ನೇ ನಂಬಿ ಅರುವತ್ತು ವರ್ಷ ಬಾಳಿದ ಹಿರಿಯರೊಬ್ಬರಿಗೆ, ಮೂತ್ರದಲ್ಲಿ ಸಕ್ಕರೆ ಕಾಣಿಸಿಕೊಂಡಿದೆ, ಇನ್ನು ಅನ್ನವನ್ನು ಕಡಮೆಮಾಡಿ ಎಂದು ಡಾಕ್ಟರು ಹೇಳುತ್ತಾರೆ. ಹಾಗೆ ಹೇಳಿಸಿಕೊಂಡವರಿಲ್ಲದ ಬೀದಿ ಇಂದು ನಮ್ಮ ನಗರಗಳಲ್ಲಿ ವಿರಳ. ಡಾಕ್ಟರು ಕಡಮೆಮಾಡಿಸಿದ್ದು ಪಿಷ್ಟಪದಾರ್ಥವನ್ನು ಮಾತ್ರ. ಆದರೆ ತಟ್ಟೆಯಿಂದ ಮಾಯವಾದದ್ದು ಆ ಹಿರಿಯರ ದಿನದ ದೊಡ್ಡ ಸಂತೋಷ. ಅದಕ್ಕೆ ಬದಲಾಗಿ ಉಪ್ಪು ಖಾರವಿಲ್ಲದ ಗಂಜಿಯನ್ನು ಔಷಧದಂತೆ ಮುಂದಿಟ್ಟರೆ ಎಂಟು ದಿನ ತಿಂದಾರು. ಒಂಬತ್ತನೆಯ ದಿನ ಪಥ್ಯ ಮುರಿಯುತ್ತದೆ. ಆದುದರಿಂದ ಹಳೆಯ ರುಚಿಯನ್ನು ಕೆಡಿಸದೆ ಹೊಸ ಪಾಕವನ್ನು ಮಾಡಬಲ್ಲ ಜಾಣ್ಮೆ ಗೃಹಕೃತ್ಯದಲ್ಲಿ ಸಣ್ಣ ಮಾತಲ್ಲ.

'ಅಜ್ಜಿಯ ಕಾಲದ ಅಡಿಗೆಯನ್ನು ಮುಟ್ಟಬಾರದು' ಎನ್ನುವವರುಂಟು. ಅವರ ಅಭಿಮಾನ ಗೌರವಕ್ಕೆ ಅರ್ಹವಾದುದೇ. ಆದರೆ ಅಜ್ಜಿಯ ಅಡಿಗೆ ಅವರ ಅಜ್ಜಿಯ ಅಡಿಗೆಯಾಗಿರಲಿಲ್ಲವೆಂಬುದಕ್ಕೆ ಚರಿತ್ರೆಯೇ ಸಾಕ್ಷಿ. ಇಂದು ಖಾರವೆಂದರೆ ನಮಗೆ ಮೆಣಸಿನಕಾಯಿ. ಆ ಗಿಡದ ತವರು ಅಮೆರಿಕ ಖಂಡ; ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಮೂಲಕ ಅದು ನಮ್ಮ ತೀರಕ್ಕೆ ಬಂದಿತು. ಅದಕ್ಕೆ ಮುಂಚೆ ನಮ್ಮವರ ಖಾರ ಕರಿಯ ಮೆಣಸು. ಹೊಸದಾಗಿ ಬಂದ ಕಾಯಿಗೆ ಹಳೆಯ ಮೆಣಸಿನ ಹೆಸರನ್ನೇ ಕೊಟ್ಟು ಕನ್ನಡಿಗರು ಅದನ್ನು ಮನೆಯೊಳಕ್ಕೆ ಕರೆದುಕೊಂಡರು. ಆಲೂಗೆಡ್ಡೆ, ಟೊಮೆಟೊಗಳೂ ಅದೇ ಖಂಡದಿಂದ ಬಂದ ನೆಂಟರು. ಟೊಮೆಟೊ ಇಲ್ಲದ ಸಾರನ್ನು ಇಂದಿನ ಮಕ್ಕಳು ಸಾರೆಂದು ಒಪ್ಪುವುದೇ ಕಷ್ಟ.

ಇಡ್ಡಲಿಯ ಕಥೆಯೂ ಹೀಗೆಯೇ. ಹತ್ತನೆಯ ಶತಮಾನದ 'ವಡ್ಡಾರಾಧನೆ'ಯಲ್ಲಿ 'ಇಡ್ಡಲಿಗೆ'ಯ ಹೆಸರು ಬರುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಬರೆದ 'ಮಾನಸೋಲ್ಲಾಸ'ದಲ್ಲಿ 'ಇಡ್ಡರಿಕಾ' ಎಂಬ ಭಕ್ಷ್ಯದ ವಿವರಣೆಯಿದೆ. ಅಲ್ಲಿ ಹೇಳಿರುವುದು ಉದ್ದಿನ ಹಿಟ್ಟನ್ನು ಮಾತ್ರ, ಅಕ್ಕಿಯ ಮಾತಿಲ್ಲ. ಅಕ್ಕಿ ಉದ್ದಿನ ಜೊತೆಗೂಡಿದ್ದು ಆಮೇಲಿನ ಯಾರೋ ಹೆಸರಿಲ್ಲದ ಪಾಚಕರ ಸಾಹಸ. ಆ ಸಾಹಸವಿಲ್ಲದಿದ್ದರೆ ನಾವು ಬಲ್ಲ ಇಡ್ಡಲಿಯೇ ಇರುತ್ತಿರಲಿಲ್ಲ.

ತೀರ ಈಚಿನ ನಿದರ್ಶನವೊಂದನ್ನು ನೋಡೋಣ. ಬೆಂಗಳೂರಿನಲ್ಲಿ 1924ರಲ್ಲಿ ಪ್ರಾರಂಭವಾದ ಮಾವಳ್ಳಿ ಟಿಫಿನ್ ರೂಮ್ಸಿನವರು ರವೆ ಇಡ್ಡಲಿ ತಮ್ಮಲ್ಲಿಯೇ ಹುಟ್ಟಿತೆಂದು ಹೇಳುತ್ತಾರೆ. ಎರಡನೆಯ ಮಹಾಯುದ್ಧದಲ್ಲಿ, 1942ರಲ್ಲಿ, ಬರ್ಮಾ ದೇಶ ಜಪಾನೀಯರ ವಶವಾಯಿತು. ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಆ ಅಭಾವದ ಕಾಲದಲ್ಲಿ ಅಕ್ಕಿಯ ಬದಲು ಗೋಧಿಯ ರವೆಯನ್ನು ಇಡ್ಡಲಿಯ ತಟ್ಟೆಗೆ ಏರಿಸಿದರು. ಇಲ್ಲಿರುವ ಯುಕ್ತಿಯನ್ನು ನಾವು ಗಮನಿಸಬೇಕು. ಅಕ್ಕಿ ಉದ್ದಿನ ಹಿಟ್ಟು ರಾತ್ರಿಯೆಲ್ಲ ಹುದುಗಿ, ಸೂಕ್ಷ್ಮಜೀವಿಗಳು ಹುಳಿಯನ್ನೂ ಅನಿಲವನ್ನೂ ಉಂಟುಮಾಡುತ್ತವೆ. ಉದ್ದಿನ ಲೋಳೆ ಆ ಅನಿಲವನ್ನು ಹಿಡಿದಿಟ್ಟುಕೊಳ್ಳುವುದರಿಂದ ಇಡ್ಡಲಿ ಹಗುರವಾಗುತ್ತದೆ. ರವೆಯಲ್ಲಿ ಉದ್ದಿಲ್ಲ, ಹುದುಗುವ ಸಮಯವೂ ಇಲ್ಲ. ಆದುದರಿಂದ ಹುಳಿಯನ್ನು ಮೊಸರಿನಿಂದ ತಂದರು; ಮೊಸರಿನ ಹುಳಿಗೆ ಚಿಟಿಕೆ ಸೋಡ ತಾಗಿದೊಡನೆ ಅನಿಲ ಹುಟ್ಟಿತು; ರವೆಯನ್ನು ಮುಂಚೆಯೇ ತುಪ್ಪದಲ್ಲಿ ಹುರಿದುದರಿಂದ ಅದು ಅಂಟಾಗಲಿಲ್ಲ. ಕಾಲ ಉಳಿಯಿತು, ರುಚಿ ಉಳಿಯಿತು, ಅಕ್ಕಿಯೂ ಉಳಿಯಿತು. ಆದರೆ ಈ ಹಿಟ್ಟಿನ ಅನಿಲ ಬಹಳ ಹೊತ್ತು ನಿಲ್ಲುವುದಿಲ್ಲ. ಸೋಡ ಬೆರೆಸಿದ ಮೇಲೆ ತಡಮಾಡದೆ ಹಬೆಗಿಡಬೇಕೆಂಬ ನಿಯಮದ ಅರ್ಥ ಇದೇ.

ಇಂಥ ನಿದರ್ಶನಗಳಿಂದ ನಮಗೆ ಒಂದು ಸೂತ್ರ ದೊರೆಯುತ್ತದೆ. ಯಾವ ಅಡಿಗೆಗೂ ಮೂರು ಅಂಗಗಳಿವೆಯೆಂದು ಇಟ್ಟುಕೊಳ್ಳೋಣ. ಮೊದಲನೆಯದು ಒಡಲು, ಎಂದರೆ ಅಕ್ಕಿ, ರವೆ, ರಾಗಿಯಂಥ ಧಾನ್ಯ. ಎರಡನೆಯದು ರಸ, ಎಂದರೆ ಉಪ್ಪು, ಹುಳಿ, ಖಾರ, ಒಗ್ಗರಣೆಯ ಪರಿಮಳ. ಮೂರನೆಯದು ಹದ, ಎಂದರೆ ಬಿಸಿಯೆ ತಣ್ಣಗೆಯೆ, ಮೃದುವೆ ಗರಿಯೆ ಎಂಬುದು. ಮೂರನ್ನೂ ಒಟ್ಟಿಗೆ ಬದಲಾಯಿಸಿದರೆ ಅದು ಬೇರೆ ಅಡಿಗೆಯಾಗುತ್ತದೆ, ಹಳೆಯ ನೆಮ್ಮದಿ ದೊರೆಯುವುದಿಲ್ಲ. ಒಂದನ್ನು ಬದಲಾಯಿಸಿ ಎರಡನ್ನು ಉಳಿಸಿಕೊಂಡರೆ ಉಣ್ಣುವವರಿಗೆ ಪರಿಚಯದ ಮುಖವೂ ಕಾಣುತ್ತದೆ, ಹೊಸ ಸಂತೋಷವೂ ಆಗುತ್ತದೆ. ನಮ್ಮ ಮೈಸೂರಿನ ಕಡೆಯ ಗೊಜ್ಜವಲಕ್ಕಿಯನ್ನು ನೋಡಿ. ಅದರ ರಸ ಪುಳಿಯೋಗರೆಯದು. ಒಡಲು ಮಾತ್ರ ತರಿತರಿಯಾಗಿ ಕುಟ್ಟಿದ ಅವಲಕ್ಕಿ. ಒಪ್ಪೊತ್ತಿನ ದಿನ ಅನ್ನವನ್ನು ಬಿಟ್ಟವರು ರುಚಿಯನ್ನು ಬಿಡಬೇಕಾಗಿ ಬರಲಿಲ್ಲ. ಚಿತ್ರಾನ್ನದಲ್ಲಿ ಒಡಲು ಒಂದೇ, ಹುಳಿ ಋತುವಿನಂತೆ ಬದಲಾಗುತ್ತದೆ: ಯುಗಾದಿಯ ಕಾಲಕ್ಕೆ ಮಾವಿನಕಾಯಿ, ಉಳಿದ ಕಾಲಕ್ಕೆ ನಿಂಬೆ ಅಥವಾ ಹೇರಳೆ.

ಈಗ ಒಡಲನ್ನು ಬದಲಾಯಿಸುವ ಬಗೆ. ಬಿಸಿಬೇಳೆ ಅನ್ನವನ್ನು ನವಣೆಯಿಂದ ಮಾಡಬಹುದು. ಒಂದು ಅಳತೆ ನವಣೆಯ ಅಕ್ಕಿಯನ್ನು ತೊಳೆದು ಅರ್ಧ ಗಂಟೆ ನೆನೆಯಿಟ್ಟು ಎರಡೂವರೆ ಅಳತೆ ನೀರಿನಲ್ಲಿ ಬೇಯಿಸಿಕೊಳ್ಳಬೇಕು. ಮುಕ್ಕಾಲು ಅಳತೆ ತೊಗರಿಬೇಳೆಯನ್ನು ಬೇರೆಯಾಗಿ ಮೆತ್ತಗೆ ಬೇಯಿಸಬೇಕು. ಹುಣಸೆಯ ರಸವನ್ನು ಬೇಳೆ ಬೆಂದ ಮೇಲೆಯೇ ಹಾಕತಕ್ಕದ್ದು; ಹುಳಿ ಮುಂಚೆಯೇ ಸೇರಿದರೆ ಬೇಳೆಯ ಕಣಗಳ ಗೋಡೆ ಸಡಿಲವಾಗದೆ ಎಷ್ಟು ಹೊತ್ತಾದರೂ ಬೇಳೆ ಗಟ್ಟಿಯಾಗಿಯೇ ಉಳಿಯುತ್ತದೆ. ರಸವೂ ಪುಡಿಯೂ ಬೇಳೆಯೊಡನೆ ಚೆನ್ನಾಗಿ ಕುದಿದ ಮೇಲೆ ನವಣೆಯನ್ನು ಕೂಡಿಸಿ, ಹದವನ್ನು ಸ್ವಲ್ಪ ತೆಳ್ಳಗೇ ಬಿಡಬೇಕು. ಆರುತ್ತ ಬಂದಂತೆ ಅದು ತಾನೇ ಬಿಗಿಯುತ್ತದೆ. ಚಕ್ಕೆ, ಮರಾಠಿ ಮೊಗ್ಗು, ಕೊಬ್ಬರಿಗಳನ್ನು ಮಾತ್ರ ಬದಲಾಯಿಸಬಾರದು. ಉಣ್ಣುವವರು ಮೊದಲು ಗುರುತಿಸುವುದು ಆ ಪರಿಮಳವನ್ನೇ.

ರಾಗಿಯ ವಿಷಯದಲ್ಲಿ ಎರಡು ಮಾತುಗಳಿವೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಪಾಲಿಷ್ ಮಾಡಿದ ಅಕ್ಕಿಯಲ್ಲಿ ಇರುವುದು ಅದರ ಹತ್ತರಲ್ಲೊಂದು ಪಾಲಿಗಿಂತಲೂ ಕಡಮೆ. ಬೆಳೆಯುವ ಮಕ್ಕಳಿಗೂ ವೃದ್ಧರಿಗೂ ಇದು ಹಿತ. ಮೂರು ಅಳತೆ ಅಕ್ಕಿಗೆ ಒಂದು ಅಳತೆ ಉದ್ದು ಎಂಬ ದೋಸೆಯ ವಾಡಿಕೆಯ ಲೆಕ್ಕದಲ್ಲಿ ಒಂದೂವರೆ ಅಳತೆ ಅಕ್ಕಿಯನ್ನು ತೆಗೆದು ಅಷ್ಟೇ ರಾಗಿಯನ್ನು ಸೇರಿಸಬಹುದು. ಉದ್ದನ್ನು ಕಡಮೆಮಾಡಬಾರದು, ಗೋಧಿಯಲ್ಲಿರುವ ಅಂಟು ರಾಗಿಯಲ್ಲಿ ಇಲ್ಲವಾದುದರಿಂದ ಹಿಟ್ಟನ್ನು ಕೂಡಿಸಿ ಹಿಡಿಯುವ ಕೆಲಸ ಉದ್ದಿನದೇ. ಎರಡನೆಯ ಮಾತು ಎಚ್ಚರಿಕೆಯದು. ರಾಗಿಯೆಂದ ಮಾತ್ರಕ್ಕೆ ಸಕ್ಕರೆಯ ರೋಗಿಗಳು ಎಷ್ಟಾದರೂ ತಿನ್ನಬಹುದೆಂದು ತಿಳಿಯಬಾರದು. ನುಣ್ಣಗೆ ಬೀಸಿದ ಹಿಟ್ಟಿನ ಗಂಜಿ ಬೇಗ ಜೀರ್ಣವಾಗಿ ರಕ್ತದ ಸಕ್ಕರೆಯನ್ನು ಬೇಗ ಏರಿಸಬಲ್ಲುದು. ಪ್ರಮಾಣ ಮಿತವಾಗಿರಬೇಕು, ಜೊತೆಗೆ ಕಾಳು ಸೊಪ್ಪುಗಳು ಧಾರಾಳವಾಗಿರಬೇಕು. ಊಟ ಬಲ್ಲವನಿಗೆ ರೋಗವಿಲ್ಲವೆಂಬ ಗಾದೆಯಲ್ಲಿ 'ಬಲ್ಲ' ಎಂಬುದೇ ಮುಖ್ಯವಾದ ಪದ.

ರಸವನ್ನು ಬದಲಾಯಿಸುವುದಕ್ಕೆ ಹಳ್ಳಿಯ ಬಸ್ಸಾರೇ ಗುರು. ಕಾಳನ್ನೂ ಸೊಪ್ಪನ್ನೂ ಬೇಯಿಸಿ ಬಸಿದ ಕಟ್ಟನ್ನು ನಮ್ಮ ಒಕ್ಕಲಿನ ಮನೆಗಳಲ್ಲಿ ಚೆಲ್ಲುವುದಿಲ್ಲ. ನೀರಿಗೆ ಇಳಿದ ಸತ್ವವೆಲ್ಲ ಸಾರಾಗಿ ಮುದ್ದೆಯ ಬಳಿಗೆ ಬರುತ್ತದೆ. ಪೇಟೆಯ ಗೃಹಿಣಿಯರು ಅದೇ ಕಟ್ಟಿನಲ್ಲಿ ಅಕ್ಕಿತರಿಯ ಉಪ್ಪಿಟ್ಟನ್ನು ಬೇಯಿಸಿ ನೋಡಬಹುದು. ಬರಿಯ ನೀರಿನಲ್ಲಿ ಬೆಂದ ಉಪ್ಪಿಟ್ಟಿಗೂ ಇದಕ್ಕೂ ಇರುವ ಅಂತರ ಮೊದಲ ತುತ್ತಿಗೇ ತಿಳಿಯುತ್ತದೆ. ಒಗ್ಗರಣೆಯನ್ನು ಮಾತ್ರ ಜಿಪುಣತನದಿಂದ ತೀರ ಬಿಡಬಾರದು. ಇಂಗು, ಜೀರಿಗೆ, ಕರಿಬೇವುಗಳ ಪರಿಮಳದ್ರವ್ಯಗಳು ನೀರಿಗಿಂತ ಜಿಡ್ಡಿನಲ್ಲಿ ಚೆನ್ನಾಗಿ ಕರಗುತ್ತವೆ. ಒಂದು ಚಮಚ ತುಪ್ಪ ಅವುಗಳನ್ನು ಇಡೀ ಪಾತ್ರೆಗೆ ಹರಡುತ್ತದೆ.

ಹದದ ಬದಲಾವಣೆ ಇನ್ನೂ ಸುಲಭ. ಮಿಕ್ಕ ಉಪ್ಪಿಟ್ಟನ್ನು ಬಿಲ್ಲೆಗಳಾಗಿ ತಟ್ಟಿ ಕಾವಲಿಯ ಮೇಲೆ ಸ್ವಲ್ಪ ಎಣ್ಣೆಯಲ್ಲಿ ಎರಡು ಮಗ್ಗುಲೂ ಕೆಂಪಗೆ ಮಾಡಿದರೆ, ಬೆಳಗ್ಗೆ ಮುಖ ಸಿಂಡರಿಸಿದ ಹುಡುಗನೇ ಸಂಜೆ ಎರಡನೆಯ ಸಲ ಕೇಳುತ್ತಾನೆ. ಮೊಸರನ್ನಕ್ಕೆ ಎಳೆಯ ಸೌತೆಕಾಯಿ, ದಾಳಿಂಬೆಯ ಕಾಳು ಸೇರಿಸಬಹುದು. ಮಧ್ಯಾಹ್ನದ ಬುತ್ತಿಗಾದರೆ ಅನ್ನಕ್ಕೆ ಹಾಲನ್ನು ಹೆಚ್ಚಾಗಿಯೂ ಮೊಸರನ್ನು ಸ್ವಲ್ಪವಾಗಿಯೂ ಬೆರೆಸಬೇಕು. ಉಣ್ಣುವ ಹೊತ್ತಿಗೆ ಅದು ತಾನೇ ಹದವಾದ ಮೊಸರನ್ನವಾಗಿರುತ್ತದೆ. ಅನ್ನ ಉಗುರುಬೆಚ್ಚಗಾದ ಮೇಲೆ ಮೊಸರು ಹಾಕಬೇಕೆಂಬುದನ್ನು ಮರೆಯಬಾರದು. ತೀರ ಬಿಸಿಯಾದರೆ ಹೆಪ್ಪುಗಟ್ಟಿಸುವ ಜೀವಿಗಳು ಸಾಯುತ್ತವೆ.

ಕಡೆಯದಾಗಿ ಒಂದು ಮಾತು. ಹೊಸತನದ ಬಯಕೆ ಉಣ್ಣುವವರದು. ಅದರ ಶ್ರಮ ಮಾತ್ರ ಬಹುಮಟ್ಟಿಗೆ ಗೃಹಿಣಿಯದು. ದಿನಕ್ಕೊಂದು ಹೊಸ ತಿಂಡಿಯನ್ನು ನಿರೀಕ್ಷಿಸಿ, ಪತ್ರಿಕೆ ಹಿಡಿದು ಕುಳಿತು ಗುಣದೋಷಗಳನ್ನು ವಿಮರ್ಶೆಮಾಡುವುದು ವಿದ್ಯಾವಂತರಿಗೆ ಶೋಭಿಸದು. ಒಂದು ವಾರಕ್ಕೆ ಒಂದೇ ಬದಲಾವಣೆ ಸಾಕು. ಆ ದಿನ ಸೌತೆಕಾಯಿ ಹೆಚ್ಚುವ, ಕಾಯಿ ತುರಿಯುವ ಕೆಲಸವನ್ನು ಮನೆಯ ಗಂಡಸರೂ ಮಕ್ಕಳೂ ಹಂಚಿಕೊಳ್ಳಲಿ. ಬದಲಾವಣೆ ಒಗ್ಗದಿದ್ದರೆ ಹಳೆಯದಕ್ಕೆ ಹಿಂದಿರುಗುವುದರಲ್ಲಿ ಅವಮಾನವೇನೂ ಇಲ್ಲ. ಒಗ್ಗಿದರೆ, ಇನ್ನು ಐವತ್ತು ವರ್ಷಗಳ ಮೇಲೆ ಮೊಮ್ಮಕ್ಕಳು ಅದನ್ನೇ ಅಜ್ಜಿಯ ಕಾಲದ ಅಡಿಗೆಯೆಂದು ಕರೆದು, ಅದನ್ನು ಯಾರೂ ಮುಟ್ಟಬಾರದೆಂದು ಹಟಹಿಡಿಯುವರು.