ಬಾಗ್ದಾದಿನಿಂದ ಬಂದ ಸಸೂನರು

ರಾಮದುರ್ಗದ ಕಡೆಯಿಂದ ದುಡಿಮೆಗೆಂದು ಪುಣೆ, ಮುಂಬಯಿಗೆ ಹೋದವರಿಗೆ ಸಸೂನ್ ಆಸ್ಪತ್ರೆ, ಸಸೂನ್ ಡಾಕ್ ಹೊಸ ಹೆಸರುಗಳಲ್ಲ. ಈ ಹೆಸರಿನ ಯಹೂದಿ ಮನೆತನ ತುರ್ಕಿ ಸುಲ್ತಾನರ ಆಳ್ವಿಕೆಯಲ್ಲಿದ್ದ ಬಾಗ್ದಾದಿನದು.

1492ರಲ್ಲಿ ಸ್ಪೇನ್ ತನ್ನ ಯಹೂದ್ಯರನ್ನು ಹೊರಗಟ್ಟಿದಾಗ ಸುಲ್ತಾನ ಎರಡನೇ ಬಾಯಜೀದ್ ಅವರಿಗೆ ಆಶ್ರಯ ಕೊಟ್ಟ. ಮರುವರ್ಷವೇ ಅವರು ಇಸ್ತಾಂಬುಲ್‌ನಲ್ಲಿ ಹೀಬ್ರೂ ಪುಸ್ತಕ ಅಚ್ಚು ಹಾಕಿದರು. ಬಾಗ್ದಾದ್ 1534ರಲ್ಲಿ ತುರ್ಕರ ವಶವಾಯಿತು. ಅಲ್ಲಿನ ಯಹೂದ್ಯರು ಅದಕ್ಕೂ ಬಹು ಹಿಂದಿನಿಂದ ಆ ನಾಡಿನಲ್ಲಿದ್ದವರು. ತಲೆಗಂದಾಯ ತೆತ್ತು, ತಮ್ಮ ಧರ್ಮಗುರುಗಳ ಮಾತಿನಂತೆ ತಮ್ಮ ವ್ಯಾಜ್ಯ, ವಿದ್ಯೆಗಳನ್ನು ನೋಡಿಕೊಳ್ಳುತ್ತಿದ್ದರು.

ಸಸೂನ್ ಮನೆತನದ ಹಿರಿಯರು ಬಾಗ್ದಾದನ್ನು ಆಳುತ್ತಿದ್ದ ತುರ್ಕಿ ಅಧಿಕಾರಿಗಳಾದ ಪಾಶಾಗಳ ಖಜಾನೆ ನೋಡಿಕೊಂಡವರು. ದಾವೂದ್ ಪಾಶಾನ ಕಾಲಕ್ಕೆ ಕಿರುಕುಳ ಹೆಚ್ಚಿತು. 1792ರಲ್ಲಿ ಹುಟ್ಟಿದ ಡೇವಿಡ್ ಸಸೂನ್ ಪರ್ಷಿಯಾದ ಬೂಷೆಹರ್‌ಗೆ ತಪ್ಪಿಸಿಕೊಂಡು ಹೋಗಿ, 1832ರ ಹೊತ್ತಿಗೆ ಮುಂಬಯಿ ಸೇರಿದ. ಈ ಮನೆತನದ ವ್ಯಾಪಾರದ ಕಾಗದಗಳು ಹೀಬ್ರೂ ಲಿಪಿಯಲ್ಲಿ ಬರೆದ ಅರಬ್ಬಿಯಲ್ಲಿದ್ದವು.

ಅವರ ವ್ಯಾಪಾರಕ್ಕೆ ಅಫೀಮಿನ ಜತೆ ಹತ್ತಿಯೂ ಆಧಾರ. 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧದಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ನಿಂತಾಗ ಮುಂಬಯಿಯಲ್ಲಿ ಬೆಲೆ ಗಗನಕ್ಕೇರಿತು. ಧಾರವಾಡ ಸೀಮೆಯ ಎರೆಹೊಲದ ಹತ್ತಿ ಅಂಡಿಗೆಗಳು ಬಂಡಿಗಳಲ್ಲಿ ಘಟ್ಟ ಇಳಿದು, ಕುಮಟಾ ಬಂದರಿನಿಂದ ಹಡಗೇರಿ ಮುಂಬಯಿ ಮುಟ್ಟುತ್ತಿದ್ದವು. ಪೇಟೆಯಲ್ಲಿ ಅದಕ್ಕೆ ‘ಕುಮಟಾ ಹತ್ತಿ’ ಎಂದೇ ಹೆಸರು. ಆ ಪೇಟೆಯ ದೊಡ್ಡ ವರ್ತಕರಲ್ಲಿ ಸಸೂನರೂ ಇದ್ದರು. ಹಡಗುಗಳಿಗೆ ಸರಕು ಏರಿಸಿ ಇಳಿಸಲು ಡೇವಿಡ್‌ನ ಮಗ ಆಲ್ಬರ್ಟ್ 1875ರಲ್ಲಿ ಕೊಲಾಬಾದಲ್ಲಿ ಕಟ್ಟಿಸಿದ್ದೇ ಸಸೂನ್ ಡಾಕ್. ಈಗದು ಮೀನುಪೇಟೆ.

ಪುಣೆಯ ಕ್ಯಾಂಪ್‌ನಲ್ಲಿ ಕೆಂಪು ಇಟ್ಟಿಗೆಯ, ಎತ್ತರದ ಗಡಿಯಾರ ಗೋಪುರದ ಒಹೆಲ್ ಡೇವಿಡ್ ಪ್ರಾರ್ಥನಾ ಮಂದಿರವಿದೆ. ಊರವರ ಬಾಯಲ್ಲಿ ಅದು ‘ಲಾಲ್ ದೇವಳ’. 1863ರಲ್ಲಿ ಕಟ್ಟಡ ಆರಂಭಿಸಿದ ಡೇವಿಡ್ ಸಸೂನ್ ಮರುವರ್ಷ ತೀರಿಕೊಂಡ. ಮಂದಿರ ಮುಗಿದದ್ದು 1867ರಲ್ಲಿ. ಅವನ ಸಮಾಧಿ ಅದೇ ಆವರಣದಲ್ಲಿದೆ. ಅವನು ಕೊಟ್ಟ ಹಣದಿಂದ ಎದ್ದ ಸಸೂನ್ ಆಸ್ಪತ್ರೆ ಶುರುವಾದದ್ದೂ 1867ರಲ್ಲೇ. ಜಾತಿ, ಮತ ಕೇಳದೆ ಬಡವರಿಗೆ ಚಿಕಿತ್ಸೆ ಸಿಗಬೇಕೆಂಬುದು ಅದರ ಉದ್ದೇಶವಾಗಿತ್ತು.

1947ರ ನಂತರ ಭಾರತದ ಬಾಗ್ದಾದಿ ಯಹೂದ್ಯರಲ್ಲಿ ಹೆಚ್ಚಿನವರು ಇಂಗ್ಲೆಂಡ್, ಇಸ್ರೇಲ್‌ಗಳಿಗೆ ಹೋದರು. ಆದರೂ ಅವರ ಕಟ್ಟಡಗಳ ಆರೈಕೆ ನಿಂತಿಲ್ಲ. ಸಸೂನರೇ 1884ರಲ್ಲಿ ಕಟ್ಟಿಸಿದ, ಮುಂಬಯಿ ಕೋಟೆ ಭಾಗದ ಕೆನೆಸೆತ್ ಎಲಿಯಾಹು ಮಂದಿರ ದುರಸ್ತಿಯಾಗಿ 2019ರಲ್ಲಿ ಮತ್ತೆ ತೆರೆಯಿತು. ಅದೇ ವರ್ಷ ಯುನೆಸ್ಕೋದ ಪಾರಂಪರಿಕ ಸಂರಕ್ಷಣಾ ಪ್ರಶಸ್ತಿಯನ್ನೂ ಪಡೆಯಿತು. ನೋಡಹೋಗುವವರು ಗುರುತಿನ ಚೀಟಿ ಇಟ್ಟುಕೊಂಡಿರಬೇಕು.